ಚಿಕ್ಕಬಳ್ಳಾಪುರದಿಂದ ವಿದೇಶದ ವೈನ್ ಸೀಮೆಗೆ: ದ್ರಾಕ್ಷಿ ಊರಿನವರಿಗೊಂದು ಪೂರ್ತಿ ಮಾರ್ಗದರ್ಶಿ

ವಿದೇಶದ ವೈನ್ ತೋಟ ನೋಡಬೇಕು ಅಂತ ಟೂರ್ ಏಜೆಂಟರ ಹತ್ತಿರ ಹೋದರೆ ಸಾಮಾನ್ಯವಾಗಿ ಸಿಗುವುದು ಒಂದೇ ತರದ ಪ್ಯಾಕೇಜ್. ಹತ್ತು ದಿನಕ್ಕೆ ಐದು ದೇಶ, ಮಧ್ಯೆ ಎಲ್ಲೋ ಅರ್ಧ ದಿನ ಒಂದು ವೈನರಿ. ಬಸ್ಸಿನಿಂದ ಇಳಿದು, ಮೂರು ಗ್ಲಾಸ್ ರುಚಿ ನೋಡಿ, ಒಂದು ಬಾಟಲಿ ಕೊಂಡು ಮತ್ತೆ ಬಸ್ಸು ಹತ್ತುವುದು. ನಮ್ಮ ಚಿಕ್ಕಬಳ್ಳಾಪುರದ ಕಡೆಯವರಿಗೆ ಇದು ಸಾಲದು. ನಾವು ದ್ರಾಕ್ಷಿ ಚಪ್ಪರದ ಕೆಳಗೆ ಬಗ್ಗಿಕೊಂಡು ಓಡಾಡಿ ಬೆಳೆದವರು. ಎಲೆ ಮಗುಚಿ ನೋಡಿದರೆ ಡೌನಿ ರೋಗ ಬಂದಿದೆಯಾ ಅಂತ ಹೇಳುತ್ತೇವೆ. ಬಳ್ಳಿಯ ಕಾಂಡ ನೋಡಿದರೆ ಅದರ ವಯಸ್ಸು ಅಂದಾಜಾಗುತ್ತದೆ. ಬೇರೆ ಪ್ರವಾಸಿಗರಿಗೆ ಬರೀ ಹಸಿರಾಗಿ ಕಾಣುವ ತೋಟ ನಮಗೆ ಬೇರೆಯದೇ ಕಥೆ ಹೇಳುತ್ತದೆ.

ಆ ಕಣ್ಣಿಗೆ ಕೆಲಸ ಕೊಡುವ ಹಾಗೆ ಪ್ರವಾಸ ಹಾಕಿಕೊಳ್ಳಬೇಕು. ಒಂದು ಸಲಕ್ಕೆ ಒಂದೇ ಸೀಮೆ, ದಿನಕ್ಕೆ ಎರಡೇ ತೋಟ, ಬಾಟಲಿಗಿಂತ ಮೊದಲು ಬಳ್ಳಿ. ಈ ಮೂರನ್ನು ಬಿಡದೆ ಹಿಡಿದುಕೊಂಡರೆ ಉಳಿದ ತೀರ್ಮಾನಗಳು ತಾವಾಗೇ ಸುಲಭವಾಗುತ್ತವೆ. ದ್ರಾಕ್ಷಿ ಬೆಳೆಗಾರರನ್ನೂ, ಬೆಳೆಗಾರರ ಮನೆಯಿಂದ ಬಂದು ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ವೈನ್ ಕುಡಿಯದವರೂ ಧಾರಾಳವಾಗಿ ಹೋಗಬಹುದು, ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಮೊದಲು ಪಕ್ಕದ ತೋಟ

ಪಾಸ್‌ಪೋರ್ಟ್‌ಗಿಂತ ಮೊದಲು ಒಂದು ಭಾನುವಾರ ನಂದಿ ಬೆಟ್ಟದ ಬುಡಕ್ಕೆ ಹೋಗಿ ಬನ್ನಿ. ದೊಡ್ಡಬಳ್ಳಾಪುರದ ಕಡೆ ಇರುವ ಗ್ರೋವರ್ ತೋಟ 1980ರ ದಶಕದಲ್ಲಿ ಶುರುವಾದದ್ದು. ಫ್ರಾನ್ಸಿನ ಶಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅದಕ್ಕೆ ಸಲಹೆಗಾರರಾಗಿದ್ದರು. ಆಮೇಲೆ ಬೋರ್ಡೋದ ಮಿಶೆಲ್ ರೋಲಾನ್ ಕೂಡ ಸಲಹೆ ಕೊಟ್ಟರು. ನಮ್ಮ ಕೆಂಪು ಮಣ್ಣಿನಲ್ಲಿ ಫ್ರೆಂಚ್ ತಳಿಗಳು ಹೇಗೆ ನಿಂತಿವೆ ಅಂತ ಅಲ್ಲಿ ಕಣ್ಣಾರೆ ನೋಡಬಹುದು. ದುಡ್ಡು ಕೊಟ್ಟು ಟೂರ್ ಮಾಡಿ, ಟ್ಯಾಂಕು, ಪೀಪಾಯಿ, ರುಚಿ ನೋಡುವ ರೀತಿ ಎಲ್ಲ ಒಂದು ಸಲ ಪರಿಚಯ ಮಾಡಿಕೊಳ್ಳಿ. ವಿದೇಶದಲ್ಲಿ ಗೈಡ್ ಮಾತಾಡುವಾಗ ಅರ್ಧಕ್ಕರ್ಧ ಆಗಲೇ ಗೊತ್ತಿರುತ್ತದೆ.

ಇನ್ನೊಂದು ವಿಷಯ ತಿಳಿದುಕೊಂಡೇ ಹೋಗಿ. ತಿನ್ನುವ ದ್ರಾಕ್ಷಿ ಬೇರೆ, ವೈನ್ ದ್ರಾಕ್ಷಿ ಬೇರೆ. ನಮ್ಮ ದಿಲ್‌ಖುಷ್ ಗೊಂಚಲು ಉದ್ದ, ಕಾಯಿ ದಪ್ಪ, ಸಿಪ್ಪೆ ತೆಳು. ವೈನ್ ತಳಿಯ ಕಾಯಿ ಸಣ್ಣದು, ಸಿಪ್ಪೆ ದಪ್ಪ, ಒಳಗೆ ಬೀಜ. ಬಣ್ಣ, ಒಗರು, ಪರಿಮಳ ಎಲ್ಲ ಆ ಸಿಪ್ಪೆಯಲ್ಲೇ ಇರುವುದು. ನಮ್ಮ ಬೆಂಗಳೂರು ಬ್ಲೂ ಇದೆಯಲ್ಲ, 2013ರಲ್ಲಿ ಜಿಐ (ಊರಿನ ಹೆಸರಿಗೆ ರಕ್ಷಣೆ ಕೊಡುವ) ಮಾನ್ಯತೆ ಪಡೆದದ್ದು, ಅದು ಅಮೆರಿಕ ಮೂಲದ ಇಸಾಬೆಲ್ಲಾ ತಳಿ ಅಂತ ತಜ್ಞರು ಗುರುತಿಸುತ್ತಾರೆ. ಇಸಾಬೆಲ್ಲಾದಿಂದ ವೈನ್ ಮಾಡಿ ಮಾರುವುದನ್ನು ಫ್ರಾನ್ಸ್ 1930ರ ದಶಕದಲ್ಲೇ ನಿಷೇಧಿಸಿತು. ಯುರೋಪಿನಲ್ಲಿ ಯಾರಾದರೂ "ನಿಮ್ಮೂರಲ್ಲಿ ಯಾವ ದ್ರಾಕ್ಷಿ?" ಅಂತ ಕೇಳಿದರೆ ಧೈರ್ಯವಾಗಿ ಇದನ್ನು ಹೇಳಿ. ಮಾತುಕತೆ ಅಲ್ಲಿಂದಲೇ ಬಿಸಿಯಾಗುತ್ತದೆ.

ಯಾವ ಸೀಮೆ ಆರಿಸಿಕೊಳ್ಳಬೇಕು

ಮೊದಲ ಸಲ ಹೋಗುವ ಬೆಳೆಗಾರರಿಗೆ ನಾನು ಹೇಳುವುದು ಪೋರ್ಚುಗಲ್. ಹೆಸರು ಜಾಸ್ತಿ ಫ್ರಾನ್ಸಿಗೇ ಇದೆ, ಗೊತ್ತು. ಆದರೂ ಪೋರ್ಚುಗಲ್ ಅನ್ನಲು ಕಾರಣವಿದೆ.

ಪೋರ್ಟೋ ನಗರದ ಸುತ್ತ, ಅದರ ಉತ್ತರಕ್ಕೆ ವಿನ್ಯೋ ವೆರ್ದೆ ಎಂಬ ಸೀಮೆ ಹರಡಿದೆ. ಅಲ್ಲಿ ನೆಲ ಗ್ರಾನೈಟ್. ಹಳೆಯ ತೋಟಗಳಲ್ಲಿ ಗ್ರಾನೈಟ್ ಕಂಬ ನೆಟ್ಟು, ತಂತಿ ಎಳೆದು, ಚಪ್ಪರದ ಮೇಲೆ ಬಳ್ಳಿ ಹಬ್ಬಿಸಿರುತ್ತಾರೆ. ಕೆಳಗೆ ನಿಂತರೆ ತಲೆಯ ಮೇಲೆ ಗೊಂಚಲು ತೂಗುತ್ತದೆ. ಶಿಡ್ಲಘಟ್ಟ ರಸ್ತೆಯ ಯಾವುದೋ ತೋಟಕ್ಕೆ ಬಂದುಬಿಟ್ಟೆವಾ ಅನಿಸುತ್ತದೆ. ಈಗ ಬಹಳ ಕಡೆ ಚಪ್ಪರ ತೆಗೆದು ತಂತಿ ಸಾಲು ಮಾಡಿದ್ದಾರೆ. ಏಕೆ ತೆಗೆದರು, ಇಳುವರಿ ಏನಾಯಿತು, ರೋಗ ಕಮ್ಮಿಯಾಯಿತಾ, ಕೂಲಿ ಉಳಿಯಿತಾ ಅಂತ ಅವರನ್ನೇ ಕೇಳಿ. ನಮ್ಮೂರಿನಲ್ಲಿ ಇದೇ ಚರ್ಚೆ ನಡೆಯುತ್ತಿರುವಾಗ ಅಲ್ಲಿ ಉತ್ತರ ನಿಂತಿದೆ.

ಅದೇ ಪೋರ್ಟೋದಿಂದ ಪೂರ್ವಕ್ಕೆ ಡೌರೋ ಕಣಿವೆ. 1756ರಲ್ಲೇ ಗಡಿ ಗುರುತಿಸಿ ಕಾನೂನು ಮಾಡಿದ ಸೀಮೆ ಇದು. ಗಡಿಗೆ ಕಲ್ಲು ನೆಡಿಸಿದ್ದು ಮಾರ್ಕ್ವೆಸ್ ದೆ ಪೊಂಬಾಲ್ ಎಂಬ ಮಂತ್ರಿಯ ಕಾಲದಲ್ಲಿ. 2001ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಕಡಿದಾದ ಬೆಟ್ಟ, ಪದರ ಪದರವಾಗಿ ಒಡೆಯುವ ಶಿಸ್ಟ್ ಕಲ್ಲು, ಅದನ್ನೇ ಒಡೆದು ಕಟ್ಟಿದ ಮೆಟ್ಟಿಲು ಮೆಟ್ಟಿಲಾದ ಹೊಲಗಳು. ಪೋರ್ಟೋದಿಂದ ಪಿನ್ಯಾವ್ ಎಂಬ ಊರಿಗೆ ರೈಲು ಸುಮಾರು ಎರಡೂವರೆ ಗಂಟೆ. ದಾರಿಯ ದೊಡ್ಡ ಭಾಗ ನದಿಯ ಪಕ್ಕದಲ್ಲೇ ಸಾಗುತ್ತದೆ, ಹೋಗುವಾಗ ಬಲಗಡೆ ಕಿಟಕಿ ಹಿಡಿಯಿರಿ. ಪಿನ್ಯಾವ್ ಸ್ಟೇಷನ್ ಗೋಡೆಯ ಮೇಲೆ ನೀಲಿ ಹೆಂಚಿನಲ್ಲಿ ಕೊಯ್ಲಿನ ಚಿತ್ರಗಳಿವೆ. ಕೆಲವು ತೋಟಗಳಲ್ಲಿ ಇವತ್ತಿಗೂ ಗ್ರಾನೈಟ್ ತೊಟ್ಟಿಯಲ್ಲಿ ದ್ರಾಕ್ಷಿ ಸುರಿದು, ಸಾಲಾಗಿ ನಿಂತು ಕಾಲಲ್ಲಿ ತುಳಿಯುತ್ತಾರೆ. ಯಂತ್ರ ಬೀಜ ಒಡೆದರೆ ಕಹಿ ಬಿಡುತ್ತದೆ, ಕಾಲು ಒಡೆಯುವುದಿಲ್ಲ. ಹಾಗೆ ಮಾಡಿದ ಪೋರ್ಟ್ ವೈನ್ ನದಿಯಾಚೆಯ ವಿಲಾ ನೋವಾ ದೆ ಗಾಯಾದ ಗೋದಾಮುಗಳಲ್ಲಿ ವರ್ಷಗಟ್ಟಲೆ ಕೂರುತ್ತದೆ. ಪೋರ್ಟೋದಿಂದ ಸೇತುವೆ ದಾಟಿ ನಡೆದೇ ಹೋಗಬಹುದು.

ಎರಡನೇ ಆಯ್ಕೆ ಫ್ರಾನ್ಸಿನ ಬರ್ಗಂಡಿ. ಬೋನ್ ಎಂಬ ಸಣ್ಣ ಊರಿನಲ್ಲಿ ಉಳಿದುಕೊಂಡರೆ ಸಾಕು. ಪ್ಯಾರಿಸ್ಸಿನಿಂದ ದಿಜೋನ್‌ಗೆ ಟಿಜಿವಿ ರೈಲಿನಲ್ಲಿ ಒಂದೂವರೆ ಗಂಟೆ ಚಿಲ್ಲರೆ, ಅಲ್ಲಿಂದ ಬೋನ್ ಇಪ್ಪತ್ತು ನಿಮಿಷ. ಇಲ್ಲಿ ಜಮೀನಿನ ಕಥೆಯೇ ನಮ್ಮ ಪಹಣಿ ಕಥೆ. ಅಪ್ಪನ ಆಸ್ತಿ ಮಕ್ಕಳಿಗೆಲ್ಲ ಸಮಪಾಲು ಅಂತ ನೆಪೋಲಿಯನ್ ಕಾಲದ ಕಾನೂನು ಬಂದ ಮೇಲೆ ತೋಟಗಳು ತಲೆಮಾರಿಗೊಂದು ಸಲ ತುಂಡಾಗುತ್ತಾ ಹೋದವು. ಕ್ಲೋ ದ ವೂಜೋ ಎಂಬ, ಸನ್ಯಾಸಿಗಳು ಗೋಡೆ ಕಟ್ಟಿದ ತೋಟ ಸುಮಾರು 50 ಹೆಕ್ಟೇರ್. ಅದಕ್ಕೆ ಈಗ ಸುಮಾರು 80 ಮಾಲೀಕರು. ಕೆಲವರಿಗೆ ಬರೀ ಕೆಲವು ಸಾಲು. ನಮ್ಮಲ್ಲಿ ಸರ್ವೆ ನಂಬರ್ ತುಂಡಾದರೆ ಬೆಲೆ ಇಳಿಯುತ್ತದೆ, ಅಲ್ವಾ? ಅಲ್ಲಿ ಆ ನಾಲ್ಕು ಸಾಲಿಗೂ ಚಿನ್ನದ ಬೆಲೆ. ಏಕೆಂದರೆ ಅವರು ಪ್ರತಿ ತುಂಡು ನೆಲಕ್ಕೂ ಹೆಸರಿಟ್ಟು, ರುಚಿ ಗುರುತಿಸಿ, ಕಾನೂನಿನಲ್ಲಿ ಬರೆಸಿಕೊಂಡಿದ್ದಾರೆ. ಹೆಸರಿರುವ ಅಂಥ 1,247 ತುಂಡುಗಳು 2015ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಬೋನ್‌ನಿಂದ ದ್ರಾಕ್ಷಿ ಹೊಲಗಳ ನಡುವೆ ಸೈಕಲ್ ದಾರಿ ಇದೆ. ಬಾಡಿಗೆ ಸೈಕಲ್ ತಗೊಂಡು ಹೊರಡಿ, ಒಂದು ಗೋಡೆ ದಾಟಿದರೆ ಮಣ್ಣಿನ ಬಣ್ಣ ಬದಲಾಗುವುದು ಕಾಣುತ್ತದೆ.

ಫ್ರಾನ್ಸಿನ ಇನ್ನೊಂದು ಸೀಮೆ ಬೋರ್ಡೋ. ಆ ಹೆಸರು ನಮ್ಮ ಬೆಳೆಗಾರರ ಬಾಯಲ್ಲಿ ದಿನಾ ಇದೆ, ಬಳ್ಳಿಗೆ ಸಿಂಪಡಿಸುವ ಬೋರ್ಡೋ ದ್ರಾವಣದಿಂದ. ಅಮೆರಿಕದಿಂದ ಡೌನಿ ರೋಗ ಫ್ರಾನ್ಸಿಗೆ ಹೊಕ್ಕಾಗ, ದಾರಿಹೋಕರು ಹಣ್ಣು ಕೀಳದಿರಲಿ ಅಂತ ರಸ್ತೆ ಬದಿಯ ಸಾಲಿಗೆ ಮೈಲುತುತ್ತ, ಸುಣ್ಣ ಬಳಿದಿದ್ದರು. ಆ ಸಾಲಿನ ಎಲೆ ಮಾತ್ರ ಉದುರಿರಲಿಲ್ಲ. ಅದನ್ನು ಗಮನಿಸಿ 1885ರಲ್ಲಿ ಪ್ರಕಟಿಸಿದವರು ಮಿಯಾರ್ದೆ ಎಂಬ ಪ್ರೊಫೆಸರ್. ಅದು ನಡೆದ ಸೇಂಟ್ ಜೂಲಿಯನ್ ಊರು ಬೋರ್ಡೋದ ಮೆಡಾಕ್ ಎಂಬ ಭಾಗದ ದಾರಿಯಲ್ಲೇ ಸಿಗುತ್ತದೆ. ಪ್ಯಾರಿಸ್ಸಿನಿಂದ ಬೋರ್ಡೋಗೆ ರೈಲು ಎರಡು ಗಂಟೆಗಿಂತ ಸ್ವಲ್ಪ ಜಾಸ್ತಿ. ಊರೊಳಗೆ 2016ರಲ್ಲಿ ತೆರೆದ ಸಿತೆ ದು ವಾಂ ಎಂಬ ದೊಡ್ಡ ವೈನ್ ಮ್ಯೂಸಿಯಂ ಇದೆ, ಅದಕ್ಕೆ ಅರ್ಧ ದಿನ ಇಡಿ. ಸೇಂಟ್ ಎಮಿಲಿಯನ್‌ಗೆ ರೈಲಿನಲ್ಲಿ ಹೋಗಿ ಸಂಜೆ ವಾಪಸ್ ಬರಬಹುದು. ಆದರೆ ಬೋರ್ಡೋದ ದೊಡ್ಡ ಶಾಟೋಗಳಲ್ಲಿ (ವೈನ್ ಎಸ್ಟೇಟುಗಳಲ್ಲಿ) ಬೆಳೆಗಾರರ ಜೊತೆ ಮಾತು ಸಿಗುವುದು ಕಷ್ಟ, ಗೈಡ್ ಜೊತೆಯೇ ಮಾತು.

ಖರ್ಚು ಕಮ್ಮಿ ಇರಬೇಕು, ಊಟ ಸಸ್ಯಾಹಾರ ಬೇಕು ಅನ್ನುವವರು ಜಾರ್ಜಿಯಾ ನೋಡಿ. ಸುಮಾರು 8,000 ವರ್ಷ ಹಿಂದಿನ ವೈನ್ ಕುರುಹು ಅಲ್ಲಿನ ಮಡಕೆ ಚೂರುಗಳಲ್ಲಿ ಸಿಕ್ಕಿದೆ. ಕ್ವೆವ್ರಿ ಎಂಬ ದೊಡ್ಡ ಮಣ್ಣಿನ ವಾಡೆಯನ್ನು ಕುತ್ತಿಗೆವರೆಗೂ ನೆಲದಲ್ಲಿ ಹೂತು, ಒಳಗೆ ಜೇನುಮೇಣ ಸವರಿ, ದ್ರಾಕ್ಷಿ ರಸವನ್ನು ಸಿಪ್ಪೆ, ಬೀಜದ ಸಮೇತ ಸುರಿದು ಮುಚ್ಚುತ್ತಾರೆ. ಐದಾರು ತಿಂಗಳು ಬಿಟ್ಟು ತೆಗೆದರೆ ಬಿಳಿ ದ್ರಾಕ್ಷಿಯ ವೈನ್ ಕೂಡ ಜೇನಿನ ಬಣ್ಣಕ್ಕೆ ತಿರುಗಿರುತ್ತದೆ. ನೆಲವೇ ಅದಕ್ಕೆ ಫ್ರಿಜ್. ಟಿಬಿಲಿಸಿಯಿಂದ ಕಾಖೇತಿ ಸೀಮೆಯ ಸಿಗ್ನಾಗಿ ಎರಡು ಗಂಟೆ ದಾರಿ. ಮನೆಗಳಲ್ಲೇ ಉಳಿಯುವ ವ್ಯವಸ್ಥೆ ಇದೆ, ಮನೆಯವರೇ ವೈನ್ ಮಾಡಿರುತ್ತಾರೆ.

ದಕ್ಷಿಣ ಆಫ್ರಿಕಾದ ಸ್ಟೆಲನ್‌ಬಾಷ್, ಆಸ್ಟ್ರೇಲಿಯಾದ ಬರೋಸಾ ಎರಡೂ ಚೆನ್ನ, ಇಂಗ್ಲಿಷ್ ನಡೆಯುತ್ತದೆ. ತೊಂದರೆ ಅಂದರೆ ಅಲ್ಲಿನ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಬರುತ್ತದೆ. ಅದು ನಮ್ಮ ಕೊಯ್ಲಿನ ಹೊತ್ತು.

ಯಾವಾಗ ಹೋಗಬೇಕು

ನಮ್ಮ ತೋಟದ ಕ್ಯಾಲೆಂಡರ್ ಮುಂದಿಟ್ಟುಕೊಂಡೇ ದಿನ ಆರಿಸಿ. ಏಪ್ರಿಲ್ ಕಟಿಂಗ್, ಅಕ್ಟೋಬರ್ ಕಟಿಂಗ್ (ಬಳ್ಳಿಯ ಕಡ್ಡಿ ಸವರುವುದು) ಮಾಡಿ ಬೇಸಿಗೆಗೆ ಒಂದೇ ಬೆಳೆ ತೆಗೆಯುವವರಿಗೆ ಸೆಪ್ಟೆಂಬರ್ ಸ್ವಲ್ಪ ಬಿಡುವು. ಯುರೋಪಿನಲ್ಲಿ ಕೊಯ್ಲು ನಡೆಯುವುದು ಅದೇ ಸೆಪ್ಟೆಂಬರ್, ಅಕ್ಟೋಬರ್ ಮೊದಲ ಭಾಗ. ಇಷ್ಟು ಚೆನ್ನಾಗಿ ಹೊಂದುವುದು ಅಪರೂಪ. ಸೆಪ್ಟೆಂಬರ್ ಎರಡನೇ ವಾರ ಹೊರಟು ತಿಂಗಳ ಕೊನೆಗೆ ಬಂದರೆ ಅಕ್ಟೋಬರ್ ಕಟಿಂಗ್‌ಗೆ ನೀವು ತೋಟದಲ್ಲಿರುತ್ತೀರಿ. ಬೆಂಗಳೂರು ಬ್ಲೂನಲ್ಲಿ ವರ್ಷಕ್ಕೆ ಎರಡು ಬೆಳೆ ತೆಗೆಯುವವರು ಮಾತ್ರ ತಮ್ಮ ಲೆಕ್ಕ ತಾವೇ ಹಾಕಿಕೊಳ್ಳಬೇಕು.

ಕೊಯ್ಲಿನ ಹೊತ್ತಿಗೆ ಹೋದರೆ ಕೆಲಸ ನೋಡಲು ಸಿಗುತ್ತದೆ, ಮಾತಿಗೆ ಜನ ಸಿಗುವುದು ಕಮ್ಮಿ. ಮಾತು ಬೇಕು ಅನ್ನುವವರಿಗೆ ಜೂನ್ ಒಳ್ಳೆಯದು. ಹೂ ಬಿಡುವ ಸಮಯ, ಹಗಲು ಉದ್ದ. ಆಗಸ್ಟ್ ಬೇಡ. ಫ್ರಾನ್ಸಿನಲ್ಲಿ ರಜೆ, ಸಣ್ಣ ತೋಟಗಳು ಬಾಗಿಲು ಹಾಕಿರುತ್ತವೆ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಬಳ್ಳಿ ಬೋಳು, ಆಗ ಕಟಿಂಗ್ ನಡೆಯುತ್ತಿರುತ್ತದೆ. ಚಳಿ ತಡೆಯಬಲ್ಲ ಬೆಳೆಗಾರರಿಗೆ ಅದೂ ಒಂದು ಪಾಠವೇ.

ಪಾಸ್‌ಪೋರ್ಟ್, ವೀಸಾ

ಇಲ್ಲಿ ನಿಧಾನವಾಗಿ ಓದಿ. ರೈತರ ಅರ್ಜಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ.

ಫ್ರಾನ್ಸ್, ಪೋರ್ಚುಗಲ್, ಇಟಲಿ, ಸ್ಪೇನ್ ಎಲ್ಲಕ್ಕೂ ಒಂದೇ ಷೆಂಗೆನ್ ವೀಸಾ. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ ಹಾಕಬೇಕು. ದಿನಗಳು ಸಮ ಇದ್ದರೆ ಮೊದಲು ಕಾಲಿಡುವ ದೇಶಕ್ಕೆ. ಯಾವುದೇ 180 ದಿನದಲ್ಲಿ 90 ದಿನಕ್ಕಿಂತ ಜಾಸ್ತಿ ಇರುವಂತಿಲ್ಲ. ಪಾಸ್‌ಪೋರ್ಟ್ ಹತ್ತು ವರ್ಷದ ಒಳಗೆ ಕೊಟ್ಟದ್ದಾಗಿರಬೇಕು, ವಾಪಸ್ ಹೊರಡುವ ದಿನದಿಂದ ಮೂರು ತಿಂಗಳಾದರೂ ಚಾಲ್ತಿ ಇರಬೇಕು, ಎರಡು ಹಾಳೆ ಖಾಲಿ ಇರಬೇಕು. ಪ್ರವಾಸಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ಕೊನೆಯ ಗಡುವು 15 ದಿನ. ಸಾಮಾನ್ಯವಾಗಿ 15 ದಿನದಲ್ಲಿ ತೀರ್ಮಾನ ಬರುತ್ತದೆ, 45 ದಿನದವರೆಗೂ ಎಳೆಯಬಹುದು. ಅಪಾಯಿಂಟ್‌ಮೆಂಟ್ ಸಿಗುವುದೇ ತಡವಾಗುತ್ತದೆ. ಸೆಪ್ಟೆಂಬರ್ ಪ್ರವಾಸಕ್ಕೆ ಜೂನ್ ತಿಂಗಳಲ್ಲೇ ವೀಸಾ ಅರ್ಜಿ ತಗೊಳ್ಳುವ ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟು ಬಂದಿರಿ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ. ಕೇಂದ್ರದ ಸೇವಾ ಶುಲ್ಕ ಬೇರೆ. ಕನಿಷ್ಠ 30,000 ಯೂರೋ ರಕ್ಷಣೆ ಇರುವ ಪ್ರಯಾಣ ವಿಮೆ ಕಡ್ಡಾಯ.

ಈಗ ರೈತರ ಕಾಗದಗಳು. ವೀಸಾ ಅಧಿಕಾರಿ ನೋಡುವುದು ಎರಡೇ: ಖರ್ಚಿಗೆ ದುಡ್ಡಿದೆಯಾ, ವಾಪಸ್ ಬರಲು ಕಾರಣವಿದೆಯಾ. ನೌಕರರು ಸಂಬಳದ ಚೀಟಿ, ರಜೆ ಪತ್ರ ಕೊಡುತ್ತಾರೆ. ನಮಗೆ ಅದಿಲ್ಲ. ಕೃಷಿ ಆದಾಯಕ್ಕೆ ತೆರಿಗೆ ಇಲ್ಲದ್ದರಿಂದ ಎಷ್ಟೋ ಜನ ರಿಟರ್ನ್ ಹಾಕಿಯೇ ಇರುವುದಿಲ್ಲ. ತೆರಿಗೆ ಬೀಳದಿದ್ದರೂ ರಿಟರ್ನ್ ಸಲ್ಲಿಸಬಹುದು, ಅದರಲ್ಲಿ ಕೃಷಿ ಆದಾಯ ತೋರಿಸಲು ಜಾಗವಿದೆ. ಇನ್ನೆರಡು ವರ್ಷಕ್ಕೆ ಹೋಗುವ ಆಸೆ ಇದ್ದರೆ ಈ ವರ್ಷದಿಂದಲೇ ಹಾಕಲು ಶುರು ಮಾಡಿ. ಜೊತೆಗೆ ಪಹಣಿ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಹಣ್ಣು ಮಾರಿದ ಮಂಡಿಯ ಬಿಲ್ಲುಗಳು, ಆ ದುಡ್ಡು ಖಾತೆಗೆ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ಜೋಡಿಸಿ. ಕನ್ನಡದ ಕಾಗದಗಳಿಗೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಹಾಕಿಸಿ. ಮಂಡಿ ಬಿಲ್ಲಿನ ಮೊತ್ತ, ಬ್ಯಾಂಕಿನ ಮೊತ್ತ ತಾಳೆಯಾಗಬೇಕು. ಅರ್ಜಿಯ ಹಿಂದಿನ ವಾರ ಯಾರದೋ ಕೈಯಿಂದ ಐದು ಲಕ್ಷ ತಂದು ಖಾತೆಗೆ ಹಾಕಿದರೆ ಅದು ಎದ್ದು ಕಾಣುತ್ತದೆ. ಮಕ್ಕಳು ಖರ್ಚು ಹಾಕುತ್ತಿದ್ದರೆ ಅದನ್ನು ನೇರವಾಗಿ ಬರೆದು, ಅವರ ಪತ್ರ, ಸಂಬಳದ ದಾಖಲೆ ಕೊಡಿ.

ಒಂದು ಪುಟದ ಪತ್ರ ಬರೆಯಿರಿ. ನಾನು ದ್ರಾಕ್ಷಿ ಬೆಳೆಗಾರ, ಇಷ್ಟು ಎಕರೆ ಇದೆ, ಈ ತೋಟಗಳನ್ನು ಈ ದಿನ ನೋಡುತ್ತೇನೆ, ಅಕ್ಟೋಬರ್ ಕಟಿಂಗ್‌ಗೆ ವಾಪಸ್ ಬರಲೇಬೇಕು. ತೋಟಗಳು ಭೇಟಿಗೆ ಒಪ್ಪಿ ಕಳಿಸಿದ ಇಮೇಲ್ ಪ್ರಿಂಟ್ ಹಾಕಿ ಇಡಿ. ಪ್ರವಾಸದ ಉದ್ದೇಶ ಇಷ್ಟು ಸ್ಪಷ್ಟವಾಗಿ ಹೇಳುವ ಅರ್ಜಿಗಳು ಬಹಳ ಇರುವುದಿಲ್ಲ.

ಜಾರ್ಜಿಯಾಕ್ಕೆ ಇ-ವೀಸಾ ಇದೆ. ಚಾಲ್ತಿಯಲ್ಲಿರುವ ಷೆಂಗೆನ್, ಅಮೆರಿಕ ಅಥವಾ ಬ್ರಿಟನ್ ವೀಸಾ ಇದ್ದರೆ ಅದೂ ಬೇಡ. ಆದರೆ ಹೋಟೆಲ್, ವಾಪಸ್ ಟಿಕೆಟ್, ವಿಮೆ, ಬ್ಯಾಂಕ್ ಕಾಗದ ಎಲ್ಲ ಪ್ರಿಂಟ್ ಹಾಕಿ ಕೈಯಲ್ಲಿರಲಿ. ಟಿಬಿಲಿಸಿ ಏರ್‌ಪೋರ್ಟಿನಲ್ಲಿ ಕೇಳುತ್ತಾರೆ.

ಟಿಕೆಟ್, ದುಡ್ಡು

ಏರ್‌ಪೋರ್ಟ್ ನಮಗೆ ಪಕ್ಕದಲ್ಲೇ, ಅರ್ಧ ಬೆಂಗಳೂರಿಗಿಂತ ಬೇಗ ನಾವು ದೇವನಹಳ್ಳಿ ಮುಟ್ಟುತ್ತೇವೆ. ಪ್ಯಾರಿಸ್, ಫ್ರಾಂಕ್‌ಫರ್ಟ್, ಆಮ್‌ಸ್ಟರ್‌ಡ್ಯಾಮ್‌ಗೆ ಬೆಂಗಳೂರಿನಿಂದ ನೇರ ವಿಮಾನ ಹಾರುತ್ತವೆ. ಪೋರ್ಟೋಗೆ ಅಲ್ಲಿಂದ ಇನ್ನೊಂದು ಸಣ್ಣ ವಿಮಾನ. ಫ್ರಾನ್ಸಿನ ರೈಲು ಟಿಕೆಟ್ ಮುಂಚೆ ಕೊಂಡಷ್ಟೂ ಅಗ್ಗ. ಫೋರೆಕ್ಸ್ ಕಾರ್ಡ್ ಮಾಡಿಸಿ, ಸ್ವಲ್ಪ ನೋಟು ಇಟ್ಟುಕೊಳ್ಳಿ. ಹಳ್ಳಿ ತೋಟಗಳಲ್ಲಿ ಯುಪಿಐ ನಂಬಿಕೊಳ್ಳಬೇಡಿ. ಏಜೆಂಟರಿಂದ ಪ್ಯಾಕೇಜ್ ಕೊಂಡರೆ ಟಿಸಿಎಸ್ ಎಂಬ ತೆರಿಗೆ ಮೊದಲೇ ಹಿಡಿಯುತ್ತಾರೆ, ರಿಟರ್ನ್ ಹಾಕಿ ಅದನ್ನು ಹೊಂದಿಸಿಕೊಳ್ಳಬಹುದು ಅಥವಾ ವಾಪಸ್ ಪಡೆಯಬಹುದು.

ತೋಟಗಳಿಗೆ ಮುಂಚೆಯೇ ಬರೆಯಿರಿ

ಬಾಗಿಲು ತಟ್ಟಿದರೆ ಒಳಗೆ ಬಿಡುವ ತೋಟಗಳು ಕಮ್ಮಿ. ಆರೇಳು ವಾರ ಮುಂಚೆ ಇಮೇಲ್ ಹಾಕಿ. ಮೊದಲ ಸಾಲಿನಲ್ಲೇ "ನಾನು ದಕ್ಷಿಣ ಭಾರತದ ದ್ರಾಕ್ಷಿ ಬೆಳೆಗಾರ, ತೋಟದಲ್ಲಿ ಓಡಾಡಲು ಆಸೆ" ಅಂತ ಬರೆಯಿರಿ. ನಿಮ್ಮ ಚಪ್ಪರದ ಒಂದು ಫೋಟೋ ಜೊತೆಗಿರಲಿ. ಸಾಮಾನ್ಯ ಪ್ರವಾಸಿಗರಿಗೆ ಸಿಗದ ಸಮಯ ಬೆಳೆಗಾರರಿಗೆ ಸಿಗುತ್ತದೆ, ಇದನ್ನು ಗಟ್ಟಿಯಾಗಿ ಹೇಳುತ್ತೇನೆ. ಫ್ರಾನ್ಸಿನಲ್ಲಿ ಪೀಪಾಯಿ ಹೊತ್ತ ಮನುಷ್ಯನ ಗುರುತು ಇರುವ ಬೋರ್ಡ್ ಕಂಡರೆ ಅದು ಸ್ವತಂತ್ರ ಬೆಳೆಗಾರರ ಸಂಘದ ಸದಸ್ಯರ ತೋಟ. ಅವರೇ ಬೆಳೆದು, ಅವರೇ ವೈನ್ ಮಾಡಿ, ಅವರೇ ಮಾರುತ್ತಾರೆ. ಅಂಥವರನ್ನೇ ಹುಡುಕಿ.

ಬೆಳಗ್ಗೆ ಹತ್ತಕ್ಕೆ ಒಂದು, ಮಧ್ಯಾಹ್ನ ಮೂರಕ್ಕೆ ಒಂದು. ಹನ್ನೆರಡರಿಂದ ಎರಡು ಅವರ ಊಟದ ಹೊತ್ತು, ಆಗ ಹೋಗಬಾರದು. ಭಾನುವಾರ ಬಹಳ ಕಡೆ ರಜೆ. ತಡವಾದರೆ ಫೋನ್ ಮಾಡಿ. ಅಂಗಡಿಗಾಗಲಿ ತೋಟಕ್ಕಾಗಲಿ ಒಳಗೆ ಹೋಗುವಾಗ ಮೊದಲು "ಬೋಂಜೂರ್" ಅನ್ನಿ, ಆಮೇಲೆ ಮಾತು. ಅದಿಲ್ಲದೆ ಶುರು ಮಾಡಿದರೆ ಅವರಿಗೆ ಬೇಸರವಾಗುತ್ತದೆ. ಮನೆಯಲ್ಲಿ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ನಮಗೆ ಇನ್ನೆರಡು ಪದ ಕಲಿಯುವುದು ಕಷ್ಟವಲ್ಲ.

ಓಡಾಟ

ರುಚಿ ನೋಡುವ ದಿನ ಕಾರು ಓಡಿಸಬೇಡಿ. ಫ್ರಾನ್ಸ್, ಪೋರ್ಚುಗಲ್ ಎರಡರಲ್ಲೂ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮಿತಿ, ಜಾರ್ಜಿಯಾದಲ್ಲಿ ಅದಕ್ಕಿಂತಲೂ ಬಿಗಿ. ಬಲಗಡೆ ಓಡಿಸುವ ರಸ್ತೆ ಬೇರೆ. ರೈಲು, ಸೈಕಲ್, ಬಾಡಿಗೆ ಚಾಲಕ, ಇಲ್ಲವೇ ಕುಡಿಯದ ಒಬ್ಬರು ಜೊತೆಯಲ್ಲಿರಬೇಕು. ಆ ಒಬ್ಬರಿಗೆ ನಮ್ಮ ಕೆಎ-40 ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಡ್ರೈವಿಂಗ್ ಪರ್ಮಿಟ್ ಮಾಡಿಸಿ. ಪಾಸ್‌ಪೋರ್ಟ್, ವೀಸಾ, ಲೈಸೆನ್ಸ್ ಪ್ರತಿ ಬೇಕು, ಒಂದು ವರ್ಷ ನಡೆಯುತ್ತದೆ.

ತೋಟದೊಳಗೆ ಏನು ನೋಡಬೇಕು

ನೆಲಮಾಳಿಗೆಗೆ ಹೋಗುವ ಮೊದಲು "ಬಳ್ಳಿ ನೋಡಬಹುದಾ?" ಅಂತ ಕೇಳಿ. ಸಾಲಿಗೆ ಹೋದ ತಕ್ಷಣ ಮೊಣಕಾಲೂರಿ ಬುಡ ನೋಡಿ. ನೆಲದಿಂದ ಒಂದು ಗೇಣಿನೊಳಗೆ ಕಾಂಡ ಉಬ್ಬಿರುತ್ತದೆ. ಅದು ಕಸಿ ಗಂಟು. ಮೇಲಿನದು ಫ್ರೆಂಚ್ ಅಥವಾ ಪೋರ್ಚುಗೀಸ್ ತಳಿ, ಕೆಳಗಿನದು ಅಮೆರಿಕದ ಕಾಡು ದ್ರಾಕ್ಷಿಯ ಬೇರು. 1860ರ ದಶಕದಲ್ಲಿ ಫಿಲಾಕ್ಸೆರಾ ಎಂಬ ಬೇರು ಹೇನು ಅಮೆರಿಕದಿಂದ ಬಂದು ಫ್ರಾನ್ಸಿನ ತೋಟಗಳನ್ನು ಒಣಗಿಸಿತು. ಅದನ್ನು ತಡೆದುಕೊಳ್ಳುವ ಬೇರು ಅಮೆರಿಕದಲ್ಲೇ ಇತ್ತು, ಹಾಗಾಗಿ ಅದಕ್ಕೆ ಕಸಿ ಕಟ್ಟಿದರು. ನಾವು ಡಾಗ್‌ರಿಡ್ಜ್ ಬೇರಿಗೆ ಕಸಿ ಕಟ್ಟುವುದು ಬರ, ಉಪ್ಪು ನೀರು ತಡೆಯಲಿ ಅಂತ. ಅದೂ ಅಮೆರಿಕದ ಕಾಡು ತಳಿಯೇ. ಆ ಗಂಟಿನ ಮೇಲೆ ಬೆರಳಿಟ್ಟು ನಿಮ್ಮ ತೋಟದ ಫೋಟೋ ತೋರಿಸಿ, ಭಾಷೆ ಬಾರದಿದ್ದರೂ ಅವರಿಗೆ ಅರ್ಥವಾಗುತ್ತದೆ.

ಆಮೇಲೆ ಸಾಲಿನ ಅಂತರ ನೋಡಿ. ಮೆಡಾಕ್‌ನ ಒಳ್ಳೆಯ ತೋಟಗಳಲ್ಲಿ ಹೆಕ್ಟೇರಿಗೆ 10,000 ಬಳ್ಳಿಗಳವರೆಗೆ ಇರುತ್ತವೆ, ಅಂದರೆ ಎಕರೆಗೆ ಸುಮಾರು 4,000. ಬಳ್ಳಿ ಸೊಂಟದೆತ್ತರ, ಒಂದೊಂದರಲ್ಲಿ ಕೆಲವೇ ಗೊಂಚಲು. ಎಕರೆಗೆ ಎಷ್ಟು ಇಳುವರಿ ತೆಗೆಯಬಹುದು ಅಂತ ಕಾನೂನೇ ಮಿತಿ ಹಾಕಿದೆ. ನೀರು ಹಾಯಿಸಲೂ ಬಿಗಿ ನಿಯಮ, ಬಹಳ ತೋಟಗಳು ಪೂರ್ತಿ ಮಳೆ ಆಶ್ರಯ. ಸಾವಿರ ಅಡಿ ದಾಟಿದ ಬೋರ್‌ವೆಲ್ ನೋಡಿದ ನಮಗೆ ಇದು ನಂಬಲು ಕಷ್ಟ. ಬೇರು ಎಷ್ಟು ಆಳ ಹೋಗಿದೆ, ಮಣ್ಣು ನೀರನ್ನು ಹೇಗೆ ಹಿಡಿಯುತ್ತದೆ, ಸಾಲಿನ ನಡುವೆ ಹುಲ್ಲು ಏಕೆ ಬಿಟ್ಟಿದ್ದಾರೆ ಅಂತ ಕೇಳಿ. ಅವರ ಮಳೆ, ಅವರ ಚಳಿ ಬೇರೆ, ಹಾಗಾಗಿ ಎಲ್ಲವನ್ನೂ ಇಲ್ಲಿ ಮಾಡಲಾಗದು. ಆದರೆ ಹೊದಿಕೆ ಬೆಳೆ, ಎಲೆ ತೆಗೆದು ಗಾಳಿ ಆಡಿಸುವುದು, ಗೊಂಚಲು ಕಮ್ಮಿ ಮಾಡುವುದು ಇವನ್ನು ಅವರು ಹೇಗೆ ಮಾಡುತ್ತಾರೆ ಅಂತ ಬರೆದುಕೊಳ್ಳಿ. ಅನುಮತಿ ಇಲ್ಲದೆ ಸಾಲಿನೊಳಗೆ ಕಾಲಿಡಬೇಡಿ, ಒಂದು ಕಾಯಿಯನ್ನೂ ಕೀಳಬೇಡಿ.

ನೆಲಮಾಳಿಗೆ ತಣ್ಣಗಿರುತ್ತದೆ. ಶಾಂಪೇನ್ ಸೀಮೆಯ ಸುಣ್ಣಕಲ್ಲಿನ ಗುಹೆಗಳಲ್ಲಿ ವರ್ಷವಿಡೀ 10ರಿಂದ 12 ಡಿಗ್ರಿ. ಸ್ವೆಟರ್ ಒಯ್ಯಿರಿ. ಸೆಂಟ್ ಹಾಕಿಕೊಂಡು ಹೋಗಬೇಡಿ, ವೈನಿನ ವಾಸನೆ ಯಾರಿಗೂ ಸಿಗುವುದಿಲ್ಲ.

ರುಚಿ ನೋಡುವುದು

ಗ್ಲಾಸಿಗೆ ಎರಡು ಮೂರು ಗುಟುಕು ಹಾಕುತ್ತಾರೆ. ಗ್ಲಾಸಿನ ಕಡ್ಡಿ ಹಿಡಿಯಿರಿ, ಬಟ್ಟಲು ಹಿಡಿದರೆ ಕೈ ಬಿಸಿಗೆ ವೈನ್ ಬೆಚ್ಚಗಾಗುತ್ತದೆ. ಮೊದಲು ಅಲ್ಲಾಡಿಸದೆ ಮೂಸಿ. ಆಮೇಲೆ ಮೆಲ್ಲಗೆ ಸುತ್ತಿಸಿ ಮತ್ತೆ ಮೂಸಿ, ಎರಡರ ವ್ಯತ್ಯಾಸ ಗಮನಿಸಿ. ನೇರಳೆ ಹಣ್ಣು, ಮೆಣಸು, ಒದ್ದೆ ಮಣ್ಣು, ಒಣ ಕೊಬ್ಬರಿ ಹೀಗೆ ನಮಗೆ ಗೊತ್ತಿರುವ ಹೆಸರಲ್ಲೇ ಹೇಳಿ. ಅವರು ಹೇಳುವ ಬ್ಲ್ಯಾಕ್‌ಕರೆಂಟ್ ನಾವು ತಿಂದೇ ಇಲ್ಲ, ಸುಮ್ನೆ ತಲೆ ಆಡಿಸುವುದು ಬೇಡ. ಒಂದು ಗುಟುಕು ಬಾಯಲ್ಲೆಲ್ಲ ಆಡಿಸಿ. ನಾಲಿಗೆಯ ಪಕ್ಕ ಜುಮ್ಮೆಂದರೆ ಹುಳಿ, ಒಸಡು ಒಣಗಿದ ಹಾಗಾದರೆ ಸಿಪ್ಪೆ, ಬೀಜದ ಒಗರು. ಆಮೇಲೆ ಪಕ್ಕದ ಪಾತ್ರೆಗೆ ಉಗಿಯಿರಿ. ಅದು ಅವಮಾನವಲ್ಲ, ವೈನ್ ಮಾಡುವವರು ದಿನಾ ಮಾಡುವ ಕೆಲಸ. ದಿನಕ್ಕೆ ಎರಡೇ ತೋಟ ಅಂದದ್ದು ಇದಕ್ಕೂ ಸೇರಿ. ಮೂರನೆಯದರಲ್ಲಿ ನಾಲಿಗೆ ಸೋತಿರುತ್ತದೆ.

ಕುಡಿಯದವರು ಮೂಸಿ ನೋಡಿದರೂ ಸಾಕು. ಬೋರ್ಡೋ ಮ್ಯೂಸಿಯಂನಲ್ಲಿ ಟಿಕೆಟ್ ಜೊತೆ ಕೊಡುವ ಗ್ಲಾಸ್ ವೈನ್ ಬದಲು ಮದ್ಯವಿಲ್ಲದ ಪಾನೀಯವೂ ಸಿಗುತ್ತದೆ. ಕಟ್ಟಾ ಸಸ್ಯಾಹಾರಿಗಳಿಗೆ ಒಂದು ಮಾತು: ವೈನ್ ತಿಳಿಯಾಗಿಸಲು ಕೆಲವರು ಮೊಟ್ಟೆಯ ಬಿಳಿ, ಹಾಲಿನ ಪ್ರೋಟೀನ್ ಅಥವಾ ಮೀನಿನಿಂದ ತೆಗೆದ ಅಂಟು ಬಳಸುತ್ತಾರೆ. ಜೇಡಿಮಣ್ಣು ಬಳಸುವವರೂ ಇದ್ದಾರೆ. "ವೀಗನ್" ಅಂತ ಲೇಬಲ್ ಇದೆಯಾ ನೋಡಿ, ಇಲ್ಲವೇ ಕೇಳಿ.

ಭೇಟಿಯ ಶುಲ್ಕ ಸಣ್ಣ ತೋಟಗಳಲ್ಲಿ ಹತ್ತು, ಹದಿನೈದು ಯೂರೋ ಆಸುಪಾಸು, ದೊಡ್ಡ ಹೆಸರಿನ ಕಡೆ ಅದರ ಹಲವು ಪಟ್ಟು. ಶುಲ್ಕ ತಗೊಳ್ಳದೆ ಎರಡು ಗಂಟೆ ಕೂರಿಸಿ ಮಾತಾಡಿದವರ ಹತ್ತಿರ ಒಂದು ಬಾಟಲಿಯಾದರೂ ಕೊಳ್ಳಿ.

ಊಟ

ಜಾರ್ಜಿಯಾದಲ್ಲಿ ಚಿಂತೆಯೇ ಇಲ್ಲ. ಚೀಸ್ ತುಂಬಿದ ಖಾಚಾಪುರಿ, ಹುರುಳಿಕಾಯಿ ಬೀಜದ ಲೋಬಿಯೋ, ಅಕ್ರೋಟು ಅರೆದು ಸವರಿದ ಬದನೆಕಾಯಿ ಎಲ್ಲ ಸಿಗುತ್ತವೆ. ಪೋರ್ಚುಗಲ್‌ನ ಹಸಿರು ಸೊಪ್ಪಿನ ಸಾರು ನೋಡಲು ಸಸ್ಯಾಹಾರ, ಒಳಗೆ ಸಾಸೇಜ್ ತುಂಡು ಇರುತ್ತದೆ, ಕೇಳಿಯೇ ತಿನ್ನಿ. ಫ್ರಾನ್ಸಿನಲ್ಲಿ ಸಂತೆಗೆ ಹೋಗಿ ಬ್ರೆಡ್, ಹಣ್ಣು, ಚೀಸ್ ತಗೊಂಡರೆ ಮಧ್ಯಾಹ್ನ ಕಳೆಯುತ್ತದೆ. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ. ಹಾಲು, ತುಪ್ಪ, ಪೇಡಾ, ಮಾಂಸದ ಪದಾರ್ಥ ಯುರೋಪಿಗೆ ಒಯ್ಯುವಂತಿಲ್ಲ. ಕರಿಬೇವಿನ ಸೊಪ್ಪೂ ಬೇಡ.

ವಾಪಸ್ ಬರುವಾಗ

ಒಬ್ಬರಿಗೆ 2 ಲೀಟರ್ ಮದ್ಯ ಸುಂಕವಿಲ್ಲದೆ ತರಬಹುದು. 750 ಮಿಲಿಯ ಎರಡು ಬಾಟಲಿ ನಿರಾಳ, ಮೂರನೆಯದು ಮಿತಿ ದಾಟುತ್ತದೆ. ಜಾಸ್ತಿ ತಂದರೆ ಏರ್‌ಪೋರ್ಟಿನ ಕಸ್ಟಮ್ಸ್ ರೆಡ್ ಚಾನೆಲ್‌ಗೆ ಹೋಗಿ ಹೇಳಿ ಸುಂಕ ಕಟ್ಟಬೇಕು, ಸುಂಕ ಭಾರಿ. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೆಕ್-ಇನ್ ಸೂಟ್‌ಕೇಸಿನ ನಡುವೆ ಇಡಿ, ಕೈಚೀಲದಲ್ಲಿ ಬಿಡುವುದಿಲ್ಲ. ಫ್ರಾನ್ಸಿನಲ್ಲಿ ಒಂದೇ ಅಂಗಡಿಯಲ್ಲಿ 100 ಯೂರೋಗಿಂತ ಜಾಸ್ತಿ ಕೊಂಡಿದ್ದರೆ ತೆರಿಗೆ ವಾಪಸ್‌ನ ಫಾರಂ ಕೇಳಿ, ಏರ್‌ಪೋರ್ಟಿನಲ್ಲಿ ಲಗೇಜ್ ಕೊಡುವ ಮೊದಲು ಯಂತ್ರದಲ್ಲಿ ಸ್ಕ್ಯಾನ್ ಮಾಡಿಸಿ.

ಕೊನೆಯದು ಬೆಳೆಗಾರರಿಗೆ ಮಾತ್ರ. ಒಳ್ಳೆಯ ತಳಿ ಕಂಡಾಗ ಒಂದು ಕಡ್ಡಿ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರೋಣ ಅನಿಸುತ್ತದೆ. ದಯವಿಟ್ಟು ಬೇಡ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಕಡ್ಡಿ ತರುವುದು ಕಾನೂನುಬಾಹಿರ. ಮಣ್ಣನ್ನೂ ತರುವಂತಿಲ್ಲ. ಒಂದು ಕಡ್ಡಿಯಲ್ಲಿ ಬಂದ ವೈರಸ್ ಇಡೀ ಹೋಬಳಿಯ ತೋಟಗಳಿಗೆ ಹರಡಬಹುದು. ನಿಜವಾಗಿಯೂ ತಳಿ ಬೇಕಿದ್ದರೆ ಹೆಸರು, ಕ್ಲೋನ್ ನಂಬರ್, ಬೇರುಸಸಿಯ ಹೆಸರು ಬರೆದುಕೊಂಡು ಬಂದು, ತೋಟಗಾರಿಕೆ ಇಲಾಖೆ ಅಥವಾ ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರದಲ್ಲಿ ವಿಚಾರಿಸಿ. ಅಲ್ಲಿನ ತೋಟದಲ್ಲಿ ಹಾಕಿದ ಶೂಗಳನ್ನು ಹೋಟೆಲಿನಲ್ಲೇ ಉಜ್ಜಿ ತೊಳೆದು, ಒಣಗಿಸಿ, ಕವರಿನಲ್ಲಿ ಕಟ್ಟಿ ತನ್ನಿ. ಊರಿಗೆ ಬಂದ ಮೇಲೆ ಚಪ್ಪರದ ಕೆಳಗೆ ಹೋಗುವಾಗ ಬೇರೆ ಚಪ್ಪಲಿ ಹಾಕಿಕೊಳ್ಳಿ.